ಸಮಿತಿಯವರು ಪ್ಲಾಟ್‌ಫಾರ್ಮ್ ಆರಿಸಿದ್ದು

ಯಾರನ್ನಾದರೂ ನೋಡಿ "ಅಯ್ಯೋ ಪಾಪ" ಎನ್ನುವ ಮೊದಲು ನೀವು ಕುಳಿತಿರುವ ಕುರ್ಚಿ ಗಟ್ಟಿಯಾಗಿದೆಯೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿಕೊಳ್ಳುವುದು ಒಳ್ಳೆಯದು. ಈ ಮಾತನ್ನು ನಾನು ಯಾವ ಪುಸ್ತಕದಿಂದಲೂ ಕದ್ದಿಲ್ಲ. ಇದು ನನ್ನ ಸ್ವಂತ ಸಂಪಾದನೆ. ಸದ್ಯಕ್ಕೆ ನನಗಿರುವ ಸಂಪಾದನೆಯೂ ಇದೊಂದೇ.

ನಮ್ಮದು, ಅಂದರೆ ಆಗ ನಮ್ಮದಾಗಿದ್ದದ್ದು, ಲಾಂಡ್ರಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿ ಮಾರುವ ಕಂಪನಿ. ಒಬ್ಬರ ಪ್ಯಾಂಟು ಇನ್ನೊಬ್ಬರ ಮನೆಗೆ ಹೋಗದಂತೆ ನೋಡಿಕೊಳ್ಳುವುದು ಆ ಸಾಫ್ಟ್‌ವೇರಿನ ಕೆಲಸ. ಮೊದಲು ಬೀದಿ ಬದಿಯ ಅಂಗಡಿಗಳು ಕೊಂಡವು, ಆಮೇಲೆ ಹೋಟೆಲುಗಳು, ಆಮೇಲೆ ಆಸ್ಪತ್ರೆಗಳು. ಕಂಪನಿ ಒಂದು ಕೋಣೆಯಿಂದ ಒಂದು ಮಹಡಿಗೆ, ಒಂದು ಮಹಡಿಯಿಂದ ಇಡೀ ಕಟ್ಟಡಕ್ಕೆ ಬೆಳೆಯಿತು. "ಜಗತ್ತಿನಲ್ಲಿ ಕೊಳೆ ಇರೋವರೆಗೂ ನಮಗೆ ಅನ್ನಕ್ಕೆ ಕೊರತೆ ಇಲ್ಲ" ಎಂದು ಮಾಲೀಕರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಅವರನ್ನು ನಾವು ದೊಡ್ಡವರು ಎನ್ನುತ್ತಿದ್ದೆವು. ಕೊಳೆ ಈಗಲೂ ಇದೆ. ಅನ್ನದ ವಿಷಯ ಮುಂದೆ ಹೇಳುತ್ತೇನೆ.

ಕಂಪನಿಯ ವೆಬ್‌ಸೈಟ್ ನೋಡಿಕೊಳ್ಳುವ ನಮ್ಮ ಕೋಣೆ ಮೆಟ್ಟಿಲಿನ ತಿರುವಿನಲ್ಲಿತ್ತು. ಅದರಲ್ಲಿ ನಾಲ್ವರು. ವೆಬ್‌ಸೈಟಿಗೆ ಬೇಕಾದ ಬರಹವನ್ನೆಲ್ಲ ಬರೆಯುವವನು ನಾನು. ಚಿತ್ರ, ಬಣ್ಣ, ವಿನ್ಯಾಸ ಎಲ್ಲ ಬಣ್ಣದಕ್ಕನದು. ಎಲ್ಲವನ್ನೂ ಕೊನೆಗೆ ಪರೀಕ್ಷಿಸಿ ತಪ್ಪು ಹುಡುಕುವವನನ್ನು ಇಡೀ ಕಚೇರಿ ತಪ್ಪಣ್ಣ ಎಂದು ಕರೆಯುತ್ತಿತ್ತು. ಊಟದ ಡಬ್ಬಿಯ ಮುಚ್ಚಳ ತೆಗೆದಾಗಲೂ ಅವನು ಮೊದಲು ಹುಡುಕುತ್ತಿದ್ದದ್ದು ತಪ್ಪನ್ನೇ.

ನಾಲ್ಕನೆಯವರು ನಮ್ಮ ಕಥಾನಾಯಕರು. ಕಂಪನಿ ಒಂದೇ ಕೋಣೆಯಲ್ಲಿದ್ದಾಗ ಬೀಗದಕೈ ಇಟ್ಟುಕೊಳ್ಳಲು, ಪಾರ್ಸೆಲ್ ಕಳಿಸಲು ಸೇರಿದವರು. ವೆಬ್‌ಸೈಟ್ ಮಾಡುವವರು ಯಾರೂ ಇಲ್ಲದಿದ್ದ ಕಾಲದಲ್ಲಿ ಅಲ್ಲಿಂದಿಷ್ಟು ಇಲ್ಲಿಂದಿಷ್ಟು ತಂದು, ತೇಪೆ ಹಚ್ಚಿ, ಅವರೇ ಒಂದನ್ನು ಹೊಲಿದರು. ಅದು ಹೇಗೆ ನಡೆಯುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಎಲ್ಲಿ ತಟ್ಟಿದರೆ ನಡೆಯುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಇಬ್ಬರು ಒಟ್ಟಿಗೆ ಅದನ್ನು ಮುಟ್ಟಿದರೆ ಪುಟಗಳು ಒಂದರ ಜಾಗದಲ್ಲಿ ಇನ್ನೊಂದು ಹೋಗಿ ಕೂರುತ್ತಿದ್ದವು. ಅದಕ್ಕೆಂದೇ ಅವರು ಮನೆಯಿಂದ ಒಂದು ಹಳದಿ ಉಣ್ಣೆ ಟೋಪಿ ತಂದಿಟ್ಟಿದ್ದರು. ಟೋಪಿ ಯಾರ ತಲೆಯ ಮೇಲಿದೆಯೋ ಅವರು ಮಾತ್ರ ವೆಬ್‌ಸೈಟ್ ಮುಟ್ಟಬೇಕು. ಉಳಿದವರು ಕೈಕಟ್ಟಿ ಕೂರಬೇಕು. ಸುಡು ಬೇಸಿಗೆಯಲ್ಲೂ ಇದೇ ಕಾನೂನು. ಮೇಲಿನ ಮಹಡಿಯ ಎಂಜಿನಿಯರುಗಳು ನಮ್ಮನ್ನು "ಟೋಪಿ ಹಾಕಿಸಿಕೊಂಡವರು" ಎಂದು ಆಡಿಕೊಳ್ಳುತ್ತಿದ್ದರು. ನಾವು ಬೆವರು ಒರೆಸಿಕೊಂಡು ಸುಮ್ಮನಿರುತ್ತಿದ್ದೆವು.

ಹೀಗಿರುವಾಗ ಒಂದು ದೊಡ್ಡ ಆಸ್ಪತ್ರೆಯವರು ವ್ಯವಹಾರ ಮಾತಾಡಲು ಬಂದರು. ದೊಡ್ಡವರು ಗೋಡೆಯ ಮೇಲಿನ ಪರದೆಯಲ್ಲಿ ವೆಬ್‌ಸೈಟ್ ತೆರೆದು ಭಾಷಣ ಶುರು ಮಾಡಿದರು. ಅದೇ ಹೊತ್ತಿಗೆ ನಮ್ಮ ಕೋಣೆಯಲ್ಲಿ ತಪ್ಪಣ್ಣನ ಕಣ್ಣಿಗೆ ಒಂದು ಅಲ್ಪವಿರಾಮ ತಪ್ಪಾದ ಜಾಗದಲ್ಲಿ ಕಂಡಿತು. ಟೋಪಿ ನನ್ನ ತಲೆಯ ಮೇಲಿತ್ತು, ನಾನು ಏನೋ ಸೇರಿಸುತ್ತಿದ್ದೆ. ಅವನಿಗೆ ತಡೆಯಲಾಗಲಿಲ್ಲ. ಬರಿತಲೆಯಲ್ಲೇ ಆ ಅಲ್ಪವಿರಾಮವನ್ನು ಅಳಿಸಿಬಿಟ್ಟ.

ಅಲ್ಲಿ, ಆಸ್ಪತ್ರೆಯವರ ಎದುರಿಗೆ, "ನಮ್ಮ ಸಂತೃಪ್ತ ಗ್ರಾಹಕರು" ಎಂಬ ತಲೆಬರಹದ ಕೆಳಗೆ, ಬಟ್ಟೆಯ ಕಲೆ ತೆಗೆಯುವ ಸಲಹೆಗಳ ಪುಟದಲ್ಲಿದ್ದ ಚಿತ್ರಗಳು ಸಾಲಾಗಿ ಮೂಡಿದವು. ಎಣ್ಣೆ ಕಲೆ, ಶಾಯಿ ಕಲೆ, ತುಕ್ಕಿನ ಕಲೆ. ಎಲ್ಲಕ್ಕಿಂತ ದೊಡ್ಡದಾಗಿ ರಕ್ತದ ಕಲೆ. ಆಸ್ಪತ್ರೆಯವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಆಮೇಲೆ ತಮ್ಮ ಚೀಲಗಳನ್ನು ಎತ್ತಿಕೊಂಡರಂತೆ.

ದೊಡ್ಡವರು ನಮ್ಮ ಕೋಣೆಗೆ ಬಂದಾಗ ಅವರ ಹಿಂದೆ ಎಲ್ಲ ವಿಭಾಗದ ಮುಖ್ಯಸ್ಥರೂ ಇದ್ದರು. ಬಾಗಿಲು ಚಿಕ್ಕದು, ಅರ್ಧ ಜನ ಮೆಟ್ಟಿಲ ಮೇಲೆಯೇ ನಿಂತರು.

"ಈ ಗುಜರಿ ಇನ್ನು ಸಾಕು. ವೆಬ್‌ಸೈಟ್ ಕಟ್ಟಿ ನಡೆಸೋಕೆ ಹೊಸ ಪ್ಲಾಟ್‌ಫಾರ್ಮ್ ಬೇಕು. ಯಾವುದು ಬೇಕು ಅಂತ ಆರಿಸೋಕೆ ಒಂದು ಸಮಿತಿ ಮಾಡೋಣ. ಯಾರ್ಯಾರು ಇರ್ತೀರಿ?" ಎಂದರು ದೊಡ್ಡವರು.

ಮುಖ್ಯಸ್ಥರೆಲ್ಲರಿಗೂ ಆ ಕ್ಷಣದಲ್ಲೇ ತಮ್ಮ ತಮ್ಮ ಫೋನಿನಲ್ಲಿ ಬಹಳ ಮುಖ್ಯವಾದ ಏನೋ ಕಾಣಿಸಿತು. ನಮ್ಮ ಕಥಾನಾಯಕರು ಮಾತ್ರ ಗಂಟಲು ಸರಿಮಾಡಿಕೊಂಡರು.

"ಪ್ಲಾಟ್‌ಫಾರ್ಮ್ ವಿಷಯದಲ್ಲಿ ನಾನು ಸ್ವಲ್ಪ ಆಳಕ್ಕೆ ಇಳಿದಿದ್ದೀನಿ ಸಾರ್."

ಅವರು ಇಳಿದಿದ್ದದ್ದು ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಓದಿದ ಒಂದು ಲೇಖನದಷ್ಟು ಆಳಕ್ಕೆ. ಅದನ್ನೂ ಪೂರ್ತಿ ಓದುವ ಮೊದಲೇ ಡಾಕ್ಟರು ಒಳಗೆ ಕರೆದಿದ್ದರು.

"ಹಾಗಾದ್ರೆ ನೀವೇ ಸಮಿತಿ" ಎಂದು ದೊಡ್ಡವರು ಹೊರಟರು. ಬಾಗಿಲಲ್ಲಿ ನಿಂತು, ಹಿಂತಿರುಗದೆಯೇ, ಇನ್ನೊಂದು ಮಾತು ಸೇರಿಸಿದರು. "ಹೊಸದು ಬಂದ್ಮೇಲೆ ಈ ಕೋಣೆಗೆ ಎಷ್ಟು ಜನ ಬೇಕು ಅನ್ನೋದನ್ನೂ ನೋಡೋಣ."

ನಾವು ಮೂವರು ಮುಖ ಮುಖ ನೋಡಿಕೊಂಡೆವು. ಆ ಮಾತಿನ ಅರ್ಥ ತಿಳಿಯಲು ಮೂವರಿಗೂ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಹಳೆಯ ವೆಬ್‌ಸೈಟನ್ನು ತಟ್ಟಿ ನಡೆಸುವವರು ಒಬ್ಬರೇ. ಹಳೆಯದು ಹೋದರೆ ತಟ್ಟುವವರೂ ಹೋಗಬೇಕು. ನಾವು ಮೂವರೋ ಕಸುಬು ಗೊತ್ತಿದ್ದವರು. ಬರೆಯುವುದು, ಬಣ್ಣ, ತಪ್ಪು ಹುಡುಕುವುದು ಯಾವ ಪ್ಲಾಟ್‌ಫಾರ್ಮಿಗಾದರೂ ಬೇಕೇ ಬೇಕು. ಇವರೋ ಹೆಂಡತಿ ಮಗಳು ಇರುವ ಮನುಷ್ಯ, ಬೇರೆಲ್ಲಿಗೆ ಹೋದರೂ ಹೇಳಿಕೊಳ್ಳಲು ಒಂದು ವಿದ್ಯೆ ಇಲ್ಲ. ತನ್ನ ಕುತ್ತಿಗೆಗೆ ಹಗ್ಗ ತಾನೇ ಆರಿಸಿಕೊಳ್ಳುವ ಕೆಲಸವನ್ನು ಎದೆಯುಬ್ಬಿಸಿ ಒಪ್ಪಿಕೊಂಡಿದ್ದಾರೆ.

"ಅಯ್ಯೋ ಪಾಪ" ಎಂದಳು ಬಣ್ಣದಕ್ಕ.

ಅಂದಿನಿಂದ ಅವರಿಗೆ ಸಮಿತಿಯವರು ಎಂದೇ ಹೆಸರಾಯಿತು. ನಮ್ಮ ಮರುಕವೂ ಅಂದೇ ಶುರುವಾಯಿತು. ಬೆನ್ನುನೋವಿಗೆಂದು ಬಣ್ಣದಕ್ಕ ಮನೆಯಿಂದ ತಂದಿಟ್ಟುಕೊಂಡಿದ್ದ ಮೆತ್ತನೆಯ ದಿಂಬು ಅವರ ಕುರ್ಚಿಗೆ ಹೋಯಿತು. ನಾನು ದಿನಾ ಕೆಳಗಿನಿಂದ ಅವರಿಗೆ ಟೀ ತಂದುಕೊಡತೊಡಗಿದೆ. ತಪ್ಪಣ್ಣ ಅವರ ಕೆಲಸದಲ್ಲಿ ತಪ್ಪು ಹುಡುಕುವುದನ್ನು ಬಿಟ್ಟ. ಇದು ಅವನ ಆರೋಗ್ಯಕ್ಕೆ ಒಗ್ಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಖ ಕೆಂಪಾಗಿ, ಮೆಟ್ಟಿಲಿಗೆ ಹೋಗಿ, ಗೋಡೆಗೆ ಅಂಟಿಸಿದ ಸುರಕ್ಷತಾ ಸೂಚನೆಗಳಲ್ಲಿ ತಪ್ಪು ಹುಡುಕಿ ಬರುತ್ತಿದ್ದ.

ಸಮಿತಿಯವರು ಇದನ್ನೆಲ್ಲ ಗಮನಿಸಿದರು. ಗಮನಿಸಿ, ಅಧಿಕಾರಕ್ಕೆ ಸಿಗಬೇಕಾದ ಗೌರವ ಸಿಗುತ್ತಿದೆ ಎಂದು ತೀರ್ಮಾನಿಸಿದರು. ಅವರ ನಡಿಗೆ ಬದಲಾಯಿತು. ಕೈಗಳು ಬೆನ್ನ ಹಿಂದೆ ಹೋದವು. ಒಂದು ದಿನ ಟೀ ಲೋಟವನ್ನು ನನ್ನ ಕಡೆಗೇ ತಳ್ಳಿ, "ತಮ್ಮಾ, ಇದು ಬೇಡ. ಸಮಿತಿ ಯಾರ ಹಂಗಿನಲ್ಲೂ ಇರಬಾರದು" ಎಂದರು.

"ಟೀ ಅಣ್ಣ, ಬರೀ ಟೀ."

"ಎಲ್ಲ ಬರೀ ಟೀಯಿಂದಲೇ ಶುರುವಾಗೋದು" ಎಂದು ಅವರು ತಲೆ ಮೇಲಿನ ಫ್ಯಾನನ್ನು ದಿಟ್ಟಿಸಿದರು. ಸ್ವಲ್ಪ ಹೊತ್ತಿನ ನಂತರ, ತಣ್ಣಗಾದ ಮೇಲೆ, ಕುಡಿದರು. ತಣ್ಣಗಾದ ಟೀ ಲಂಚವಲ್ಲವೆಂದು ಅವರ ಲೆಕ್ಕವಿರಬೇಕು.

ನಾನು ಅವರ ಕಟ್ಟಡದಲ್ಲೇ, ಅವರ ಕೆಳಗಿನ ಮನೆಯಲ್ಲಿ ಇದ್ದವನು. ಹಾಗಾಗಿ ಕಚೇರಿಯ ಕಥೆ ಮನೆಗೂ ಹಿಂಬಾಲಿಸಿತು. ಅವರು ಸಮಿತಿಯಾದ ಸುದ್ದಿಯನ್ನು ಕಟ್ಟಡಕ್ಕೆಲ್ಲ ಅವರೇ ಹಂಚಿದ್ದರು. ಕೊನೆಯ ಮಹಡಿಯ ನಿವೃತ್ತ ಮೇಷ್ಟ್ರು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ, "ನೋಡ್ರಿ, ಎಂಜಿನಿಯರುಗಳೇ ತುಂಬಿರೋ ಕಂಪನಿಯಲ್ಲಿ ಇವರೊಬ್ಬರನ್ನೇ ಆರಿಸಿದ್ದಾರೆ ಅಂದ್ರೆ ಸುಮ್ನೆ ಅಲ್ಲ" ಎನ್ನುತ್ತಿದ್ದರು. ಅಷ್ಟಕ್ಕೇ ನಿಲ್ಲದೆ, ನೀರಿನ ಟ್ಯಾಂಕ್ ಯಾರು ತೊಳೆಸಬೇಕೆಂಬ ಹಳೇ ಜಗಳವನ್ನೂ ಅವರ ತಲೆಗೆ ಕಟ್ಟಿದರು, ಸಮಿತಿಯಲ್ಲಿ ಅನುಭವ ಇದೆಯೆಂದು. ಟ್ಯಾಂಕ್ ಇಂದಿಗೂ ತೊಳೆದಿಲ್ಲ.

ಸಮಿತಿಯವರ ಹೆಂಡತಿ ಮಾತ್ರ ಹಿಗ್ಗಲಿಲ್ಲ. ಅತ್ತಿಗೆ ಒಂದು ಸಂಜೆ ಒಗೆದ ಬಟ್ಟೆಯ ಬಕೆಟ್ ಹಿಡಿದು ನಮ್ಮ ಬಾಗಿಲಲ್ಲೇ ನಿಂತರು.

"ನಿಜ ಹೇಳಿ. ಹಳೇದು ಹೋದ್ಮೇಲೆ ಇವರಿಗೆ ಅಲ್ಲಿ ಏನು ಕೆಲಸ ಇರುತ್ತೆ?"

ಬಕೆಟ್ ಕೆಳಗಿಟ್ಟು ಅತ್ತಿಗೆಯೇ ಮುಂದುವರಿಸಿದರು.

"ಅವರಿಗೆ ಅದು ಹೊಳೆದೇ ಇಲ್ಲ. ಊರೆಲ್ಲ ಸಮಿತಿ ಸಮಿತಿ ಅಂತ ಸಾರಿಕೊಂಡು ಬರ್ತಾರೆ. ನಾನು ಹೇಳೋಕೆ ಹೋದ್ರೆ, ನಿನಗೆ ತಾಂತ್ರಿಕ ವಿಷಯ ತಿಳಿಯಲ್ಲ ಅಂತಾರೆ. ಮಗಳಿಗೆ ಈ ಸಲ ಶಾಲೆ ಬೇರೆ ಬದಲಾಯಿಸಿದ್ದೀವಿ."

"ನಾವಿದ್ದೀವಿ ಅತ್ತಿಗೆ" ಎಂದೆ. ನನ್ನ ದನಿ ಎಷ್ಟು ಗಂಭೀರವಾಗಿ ಬಂತೆಂದರೆ ನನಗೇ ಕಣ್ಣು ತೇವವಾಯಿತು. ಒಳಗಿನಿಂದ ಕೇಳಿಸಿಕೊಂಡ ನಮ್ಮನೆಯವಳು ಮಾರನೆಯ ದಿನವೇ ನಮ್ಮ ಮಗಳ ಹಳೆಯ ಶಾಲಾ ಚೀಲವನ್ನು ಒಗೆದು ಒಣಗಿಸಿ ಮೇಲಕ್ಕೆ ಕಳಿಸಿದಳು. "ಪಾಪ, ಮುಂದೆ ಬೇಕಾಗುತ್ತೆ ಅವರಿಗೆ" ಎಂದಳು. ಉಪಕಾರ ಮಾಡುವುದರಲ್ಲಿ ನಮ್ಮ ಮನೆ ಯಾವತ್ತೂ ಮುಂದು.

ಅಷ್ಟರಲ್ಲಿ ಪ್ಲಾಟ್‌ಫಾರ್ಮ್ ಮಾರುವವರು ಒಬ್ಬೊಬ್ಬರಾಗಿ ಬರತೊಡಗಿದರು.

ಮೊದಲನೆಯದು ಬಿಟ್ಟಿ. ಯಾರು ಬೇಕಾದರೂ ತಗೊಂಡು ಹೇಗೆ ಬೇಕಾದರೂ ಬದಲಾಯಿಸಿಕೊಳ್ಳಬಹುದು. ಆದರೆ ಅದನ್ನು ದಿನಾ ನೋಡಿಕೊಳ್ಳಲು, ಬಾಗಿಲು ಭದ್ರ ಮಾಡಲು, ಕೆಟ್ಟ ಭಾಗ ಬದಲಿಸಲು ಒಬ್ಬ ಆಳು ಪೂರ್ತಿ ಬೇಕು. ಬಿಟ್ಟಿ ಸಿಕ್ಕ ಆನೆ. ಮೇವು, ಮಾವುತ ನಮ್ಮದು. ಎರಡನೆಯದು ಬಾಡಿಗೆ ಮನೆಯ ಹಾಗೆ. ಎಲ್ಲ ತಯಾರಾಗಿರುತ್ತದೆ, ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಬೇಕು, ಖಾಲಿ ಮಾಡುವಾಗ ನಮ್ಮ ಸಾಮಾನು ನಮಗೆ ಸಿಗುವ ಖಾತ್ರಿ ಇಲ್ಲ. ಮೂರನೆಯದನ್ನು ತಂದವರು ಟೈ ಕಟ್ಟಿದ್ದರು. ಅವರ ಮುಖದಲ್ಲಿ ಎಲ್ಲ ಪ್ರಶ್ನೆಗೂ ಒಂದೇ ನಗು. ಅವರ ಪ್ಲಾಟ್‌ಫಾರ್ಮ್ ಎಲ್ಲವನ್ನೂ ತಾನೇ ಮಾಡುತ್ತದಂತೆ.

"ಎಲ್ಲ ಅಂದ್ರೆ?" ಎಂದರು ಸಮಿತಿಯವರು.

"ಬರೆಯುತ್ತೆ. ಚಿತ್ರ ಮಾಡುತ್ತೆ. ತಪ್ಪನ್ನೂ ತಾನೇ ಹುಡುಕಿ ತಿದ್ದುತ್ತೆ."

ಕೋಣೆಯಲ್ಲಿ ನಾವು ಮೂವರೂ ಇದ್ದೆವು, ಮೂವರೂ ಕೇಳಿಸಿಕೊಂಡೆವು. ನನಗೆ ಅನಿಸಿದ್ದು ಹೀಗೆ: ಬಣ್ಣ ಬಳಿಯುವುದನ್ನು, ತಪ್ಪು ಹುಡುಕುವುದನ್ನು ಯಂತ್ರ ಮಾಡಬಹುದು, ಆದರೆ ಬರೆಯುವುದಕ್ಕೆ ಹೃದಯ ಬೇಕು. ಆಮೇಲೆ ವಿಚಾರಿಸಿದಾಗ ಬಣ್ಣದಕ್ಕನಿಗೆ, ಬರೆಯುವುದಕ್ಕೂ ತಪ್ಪು ಹುಡುಕುವುದಕ್ಕೂ ಯಂತ್ರ ಸಾಕು, ಕಣ್ಣಿನ ಕೆಲಸಕ್ಕೆ ಮನುಷ್ಯರೇ ಬೇಕು ಎಂದು ಅನಿಸಿತ್ತಂತೆ. ತಪ್ಪಣ್ಣನಿಗೇನು ಅನಿಸಿತ್ತೆಂದು ಬೇರೆ ಹೇಳಬೇಕಿಲ್ಲ.

ಟೈಯವರು ಅದರಿಂದ ರಕ್ತದ ಕಲೆಯ ಬಗ್ಗೆ ಒಂದು ಬರಹ ಬರೆಸಿ ತೋರಿಸಿದರು. ನಾನು ಓದಿ, "ಜೀವ ಇಲ್ಲ" ಎಂದೆ. ಸಮಿತಿಯವರು ಓದಿ ಕಣ್ಣೊರೆಸಿಕೊಂಡರು. ಅವರಿಗೆ ಸಾಹಿತ್ಯದ ಗಂಧ ಕಡಿಮೆ ಎಂದು ನಾನು ಸಮಾಧಾನ ಮಾಡಿಕೊಂಡೆ.

"ಸರಿ, ನನ್ನ ಕೆಲಸ ಮಾಡುತ್ತಾ ಇದು?" ಎಂದು ಕೇಳಿದರು ಸಮಿತಿಯವರು.

ನಾವು ಮೂವರೂ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿದೆವು.

"ನಿಮ್ಮ ಕೆಲಸ ಏನು ಸಾರ್?" ಎಂದರು ಟೈಯವರು.

ಸಮಿತಿಯವರು ಛಾವಣಿ ನೋಡಿದರು. "ಈಗ ನೋಡಿ... ಬೆಳಿಗ್ಗೆ ಬಂದು ಎಲ್ಲ ಸರಿ ಇದೆಯಾ ಅಂತ ನೋಡ್ತೀನಿ. ಮಾರಾಟದವರು ಒಂದು ಹೇಳ್ತಾರೆ, ಎಂಜಿನಿಯರುಗಳು ಇನ್ನೊಂದು ಹೇಳ್ತಾರೆ, ಇಬ್ಬರಿಗೂ ಆಗ್ಲಿ ಅಂತೀನಿ. ಗ್ರಾಹಕರು ಫೋನ್ ಮಾಡಿ ಬೈತಾರೆ, ಬೈಸಿಕೊಳ್ತೀನಿ. ತಪ್ಪಾಯ್ತು ಅಂತೀನಿ. ಆಮೇಲೆ... ಅಷ್ಟೇ ಅನ್ಸುತ್ತೆ."

ಟೈಯವರ ನಗು ಮೊದಲ ಸಲ ಸ್ವಲ್ಪ ಕುಂದಿತು. "ಅದನ್ನ ಇದು ಮಾಡಲ್ಲ ಸಾರ್" ಎಂದು ಒಪ್ಪಿಕೊಂಡರು.

"ಮಾಡಲ್ವಾ?" ಎಂದರು ಸಮಿತಿಯವರು, ಬಹಳ ನಿರಾಸೆಯಿಂದ. ಇದ್ದ ಕೆಲಸ ಇಷ್ಟೇ ಎಂದು ಬಾಯಿಬಿಟ್ಟು ಹೇಳಿಬಿಟ್ಟರಲ್ಲ ಈ ಮನುಷ್ಯ!

ಮಧ್ಯಾಹ್ನ ಊಟದ ಮೇಜಿನಲ್ಲಿ ನಾವು ಮೂವರು ಸೇರಿ ಅವರನ್ನು ಉಳಿಸಲೇಬೇಕೆಂದು ನಿಶ್ಚಯಿಸಿದೆವು. ಉಪಾಯ ಸರಳ. ಅವರು ಆನೆಯನ್ನು ಆರಿಸಬೇಕು. ಆನೆ ಬಂದರೆ ಮಾವುತ ಬೇಕಾಗುತ್ತದೆ.

ಮೊದಲು ತಪ್ಪಣ್ಣ ಹೋದ. "ಸಾರ್, ಆ ಮೊದಲನೇದೇ ಒಳ್ಳೇದು. ಒಂದೂ ತಪ್ಪಿಲ್ಲ."

ತಪ್ಪಣ್ಣನ ಬಾಯಲ್ಲಿ ಈ ಮಾತು ಕೇಳಿದವರಿಗೆ ಯಾರಿಗಾದರೂ ಅನುಮಾನ ಬರುವುದೇ. ಸಮಿತಿಯವರು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಅವರು ನಿನಗೆ ಏನು ಕೊಟ್ಟರಪ್ಪ?" ಎಂದರು.

ಆಮೇಲೆ ನಾನು ಹೋದೆ. ಆನೆಯನ್ನು ಹೊಗಳಿ ಒಂದು ಪುಟ ಬರೆದುಕೊಂಡೇ ಹೋಗಿದ್ದೆ. ಓದಿ ಮುಗಿಸಿದ ಮೇಲೆ ಅವರು ಬೆನ್ನು ತಟ್ಟಿದರು. "ಚೆನ್ನಾಗಿದೆ. ಆದ್ರೆ ನೆರೆಮನೆಯವನು ಅಂತ ನಿನ್ನ ಮಾತು ಕೇಳಿದ್ರೆ ನಾಳೆ ಲೋಕ ಏನನ್ನುತ್ತೆ?"

ಕೊನೆಗೆ ಬಣ್ಣದಕ್ಕ. ಅವಳಿಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಅವರ ಮೇಜಿನ ಮುಂದೆ ನಿಂತು, "ಅಣ್ಣ, ಹೊಸದು ಬಂದ್ರೆ ಕೆಲವರನ್ನ ಮನೆಗೆ ಕಳಿಸ್ತಾರೆ. ಹೆಂಡ್ತಿ ಮಕ್ಕಳು ಇರೋರು. ಸ್ವಲ್ಪ ಯೋಚನೆ ಮಾಡಿ" ಎನ್ನುವಷ್ಟರಲ್ಲಿ ಅಳು ಬಂದು, ಮುಖ ಮುಚ್ಚಿಕೊಂಡು ಹೊರಗೆ ಓಡಿಹೋದಳು.

ಸಮಿತಿಯವರು ಅವಳ ದಿಂಬನ್ನು ಬೆನ್ನಿಗೆ ಸರಿಮಾಡಿಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಅವಳಿಗೆ ತುಂಬಾ ಕೆಲಸ ಅಲ್ವಾ ತಮ್ಮಾ?"

"ಕೆಲಸ ಎಲ್ಲರಿಗೂ ಇದೆ ಅಣ್ಣ."

"ಅದೇ ನಾನು ಹೇಳಿದ್ದು. ನೋಡ್ತಾನೇ ಇದ್ದೀನಿ. ಆ ತಪ್ಪಣ್ಣ ಮೆಟ್ಟಿಲ ಮೇಲೆ ಒಬ್ಬನೇ ಗೋಡೆ ನೋಡ್ಕೊಂಡು ನಿಂತಿರ್ತಾನೆ. ನೀನು ದಿನಾ ಟೀ ನೆಪದಲ್ಲಿ ಕೆಳಗೆ ಓಡಿಹೋಗ್ತೀಯ. ಇವಳು ಅಳ್ತಾಳೆ." ಅವರು ತಲೆಯಾಡಿಸಿದರು. "ಪಾಪ, ಸೋತುಹೋಗಿದ್ದೀರಿ ಎಲ್ಲರೂ."

ನಾವು ಅವರಿಗೆ ಪಾಪ ಎನ್ನುತ್ತಿದ್ದರೆ ಅವರು ನಮಗೆ ಪಾಪ ಎಂದರು. ನಾನು ಆ ಮಾತಿನ ತೂಕ ಅರಿಯದೆ ಮುಗುಳ್ನಕ್ಕು ಬಂದೆ.

ವರದಿ ಒಪ್ಪಿಸುವ ದಿನ ಸಮಿತಿಯವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದರು. ದೊಡ್ಡ ಸಭಾಕೋಣೆ. ಉದ್ದ ಮೇಜಿನ ಆ ತುದಿಯಲ್ಲಿ ದೊಡ್ಡವರು. ಎರಡೂ ಬದಿಗೆ ಮುಖ್ಯಸ್ಥರು. ನಾವು ಮೂವರು ಗೋಡೆಗೆ ಹಾಕಿದ ಕುರ್ಚಿಗಳಲ್ಲಿ, ಅವರು ಬಿದ್ದರೆ ಹಿಡಿಯೋಣ ಎನ್ನುವ ಹಾಗೆ ಮುಂದಕ್ಕೆ ಬಾಗಿ ಕೂತಿದ್ದೆವು. ಬಣ್ಣದಕ್ಕನ ಕೈಯಲ್ಲಿ ಅವರಿಗೆಂದು ಕರವಸ್ತ್ರವೂ ಇತ್ತು.

ನಾನು ಆ ಮನುಷ್ಯ ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಆನೆಯ ಮೇವಿನ ಖರ್ಚು ಹೇಳಿದರು. ಬಾಡಿಗೆ ಮನೆಯ ಮೊಳೆಯ ತೊಂದರೆ ಹೇಳಿದರು. ಕಂಪನಿ ನಾಳೆ ಇನ್ನೂ ಬೆಳೆದಾಗ ಯಾವುದು ತಡೆದುಕೊಳ್ಳುತ್ತದೆ, ಯಾವುದು ಕುಸಿಯುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಮುಖ್ಯಸ್ಥರು ಫೋನ್ ಕೆಳಗಿಟ್ಟರು.

"ಆದ್ದರಿಂದ ಸಾರ್, ಮೂರನೇದು. ಇದು ಬರೆಯುತ್ತೆ, ಬಣ್ಣ ಹಾಕುತ್ತೆ, ತಪ್ಪು ಹುಡುಕುತ್ತೆ. ನಮ್ಮ ಹುಡುಗರು ತುಂಬ ಸೋತಿದ್ದಾರೆ. ಪ್ರತಿಯೊಂದನ್ನೂ ನಾನೇ ಕುಂತು ಪರೀಕ್ಷೆ ಮಾಡಿದ್ದೀನಿ. ಇವರು ಮೂವರೂ ವಾರವೆಲ್ಲ ಮಾಡೋದನ್ನ ಅದು ನನ್ನ ಟೀ ಆರೋದರೊಳಗೆ ಮಾಡಿ ಮುಗಿಸ್ತು. ನಾನು ಕಣ್ಣಾರೆ ನೋಡಿದ್ದೀನಿ."

ಬಣ್ಣದಕ್ಕ ಕರವಸ್ತ್ರವನ್ನು ಮುದುಡಿದಳು.

ದೊಡ್ಡವರು ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತ ಕೇಳಿದರು: "ಹಾಗಾದ್ರೆ ಇವರು ಮೂವರು ಏನು ಮಾಡ್ತಾರೆ?"

ಸಮಿತಿಯವರು ನಮ್ಮ ಕಡೆ ತಿರುಗಿದರು. ಅವರ ಮುಖದಲ್ಲಿದ್ದ ಪ್ರೀತಿಯನ್ನು ನಾನು ಸುಳ್ಳೆನ್ನಲಾರೆ. ಹೆತ್ತ ಮಕ್ಕಳಿಗೆ ಹೊಸ ಬಟ್ಟೆ ತಂದವರ ಮುಖ ಅದು.

"ಆರಾಮಾಗಿರ್ತಾರೆ ಸಾರ್" ಎಂದರು.

"ನೀವು?"

"ನಾನಾ ಸಾರ್?" ಈ ಪ್ರಶ್ನೆಗೆ ಅವರು ತಯಾರಾಗಿರಲಿಲ್ಲ. "ನನ್ನ ಕೆಲಸ ಅದಕ್ಕೆ ಬರಲ್ವಂತೆ ಸಾರ್. ನಾನೂ ಕೇಳಿನೋಡಿದೆ. ಗ್ರಾಹಕರು ಬೈದ್ರೆ ಬೈಸಿಕೊಳ್ಳೋಕೆ ಒಬ್ಬ ಮನುಷ್ಯ ಬೇಕೇ ಬೇಕಂತೆ."

"ಅದು ನಿಜ" ಎಂದರು ದೊಡ್ಡವರು. ಮುಖ್ಯಸ್ಥರೆಲ್ಲ ತಲೆಯಾಡಿಸಿದರು. ಬೈಸಿಕೊಳ್ಳುವವರು ಇಲ್ಲದಿದ್ದರೆ ತಮ್ಮ ಗತಿ ಏನೆಂದು ಅವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ಮಾಡಬೇಕೆಂದು ತೋಚದೆ ನಾವೂ ತಟ್ಟಿದೆವು.

ಅದೇ ವಾರ ಸಿಬ್ಬಂದಿ ವಿಭಾಗದ ಅಮ್ಮ ನಮ್ಮನ್ನು ಒಬ್ಬೊಬ್ಬರಾಗಿ ಕರೆಸಿದರು. ಅವರ ಮೇಜಿನ ಮೇಲೆ ನೀರಿನ ಲೋಟ, ಕಾಗದದ ಕರವಸ್ತ್ರ ಎಲ್ಲ ಮೊದಲೇ ಜೋಡಿಸಿಟ್ಟಿತ್ತು. ನನ್ನ ಕೈಗೆ ಕೊಟ್ಟ ಪತ್ರ ಬಹಳ ಸೊಗಸಾಗಿತ್ತು. ಎಲ್ಲೂ ನೋಯಿಸದೆ, ಎಲ್ಲೂ ಸುಳ್ಳು ಹೇಳದೆ, ನನ್ನ ಸೇವೆಯನ್ನು ನೆನೆದು, ಬಾಗಿಲವರೆಗೆ ಕೈಹಿಡಿದು ಬಿಟ್ಟುಬರುವ ಹಾಗಿತ್ತು.

"ಯಾರು ಬರೆದದ್ದು ಮೇಡಂ?" ಎಂದೆ, ಕಸುಬಿನ ಚಪಲ.

ಅವರು ತಲೆ ತಗ್ಗಿಸಿದರು. "ಹೊಸ ಪ್ಲಾಟ್‌ಫಾರ್ಮನ್ನ ಪರೀಕ್ಷೆಗೆ ಕೊಟ್ಟಿದ್ದಾರಲ್ಲ, ಅದು."

ಜೀವ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಬಣ್ಣದಕ್ಕ ಪತ್ರವನ್ನು ಓದದೆ ಮಡಿಸಿಟ್ಟುಕೊಂಡಳು. ಅಂಚಿನ ಬಣ್ಣ ಮಾತ್ರ ಚೆನ್ನಾಗಿದೆ ಎಂದಳು. ತಪ್ಪಣ್ಣ ಎರಡು ಸಲ ಓದಿ, ಕೊನೆಯ ಸಾಲಿನಲ್ಲಿ ಎರಡು ಪದಗಳ ನಡುವೆ ಜಾಗ ಬಿಟ್ಟಿಲ್ಲವೆಂದು ತೋರಿಸಿದ. ಸಿಬ್ಬಂದಿಯಮ್ಮ ಧನ್ಯವಾದ ಹೇಳಿ, ತಿದ್ದಿ, ಹೊಸ ಪ್ರತಿ ತೆಗೆದು ಕೊಟ್ಟರು. ಕಂಪನಿಗೆ ಅವನು ಮಾಡಿದ ಕಡೆಯ ಕೆಲಸ ಅದು, ಅದರಲ್ಲಿ ತಪ್ಪಿರಲಿಲ್ಲ.

ಸುದ್ದಿ ತಿಳಿದ ಕೂಡಲೇ ಸಮಿತಿಯವರು ಮೆಟ್ಟಿಲು ಹತ್ತಿ ದೊಡ್ಡವರ ಕೋಣೆಗೆ ಓಡಿದರು. ಬಾಗಿಲು ಮುಚ್ಚಿರಲಿಲ್ಲ, ಸಾಮಾನು ಕಟ್ಟಿಕೊಂಡು ಇಳಿಯುತ್ತಿದ್ದ ನಮಗೆ ಎಲ್ಲ ಕೇಳಿಸಿತು.

"ಸಾರ್, ನಾನು ಹೇಳಿದ್ದು ಹಾಗಲ್ಲ. ಅವರಿಗೆ ಆರಾಮ ಆಗ್ಲಿ ಅಂತ ಹೇಳಿದ್ದು. ಮೊದಲನೇದನ್ನೇ ತಗೊಳ್ಳೋಣ ಸಾರ್. ಎರಡನೇದಾದ್ರೂ ಸರಿ. ತಪ್ಪಾಯ್ತು ಸಾರ್."

"ಅಯ್ಯೋ, ನೀವೇ ಹೀಗಂದ್ರೆ ಹೇಗೆ? ಇಷ್ಟು ಒಳ್ಳೇ ವರದಿ ಈ ಕಂಪನಿಯಲ್ಲಿ ಯಾರೂ ಕೊಟ್ಟಿಲ್ಲ. ಒಂದೊಂದು ಮಾತೂ ಖರೆ. ಕೂತ್ಕೊಳ್ಳಿ, ಟೀ ಕುಡೀರಿ."

"ಬೇಡ ಸಾರ್" ಎಂಬುದು ಕೇಳಿಸಿತು.

ಕಟ್ಟಡದಲ್ಲಿ ನಮ್ಮನೆಯವಳು ಮೇಲಿನ ಮನೆಯವರೊಡನೆ ಮಾತು ಬಿಟ್ಟಳು. ಬೇಕೆಂದೇ ಮಾಡಿದ್ದಾರೆ ಎಂಬುದು ಅವಳ ತೀರ್ಪು. "ಬಾಯಲ್ಲಿ ಬೆರಳಿಟ್ಟರೆ ಕಚ್ಚೋಕೆ ಬರದವರ ಹಾಗೆ ಇದ್ದು, ಮೂರು ಮನೆ ಮುಳುಗಿಸಿದ್ರಲ್ಲ!" ಎಂದಳು. ಬೇಕೆಂದು ಮಾಡಿಲ್ಲ, ನಮಗೆ ಒಳ್ಳೆಯದಾಗಲೆಂದೇ ಮಾಡಿದ್ದಾರೆ ಎಂದು ನಾನು ಹೇಳಿದೆ. ಅದನ್ನು ಕೇಳಿ ಅವಳಿಗೆ ಸಿಟ್ಟು ಇನ್ನೂ ಏರಿತು. ಒಂದು ಬೆಳಿಗ್ಗೆ ಆ ಶಾಲಾ ಚೀಲ ನಮ್ಮ ಬಾಗಿಲ ಹಿಡಿಗೆ ನೇತಾಡುತ್ತಿತ್ತು. ಅತ್ತಿಗೆ ಯಾವಾಗ ಬಂದು ಇಟ್ಟುಹೋದರೋ ತಿಳಿಯದು. ಒಳಗೆ ಅವರ ಮಗಳ ಇನ್ನೂ ಹೊಸದಾಗಿದ್ದ ಬೂಟುಗಳಿದ್ದವು. ನಮ್ಮ ಮಗಳ ಕಾಲಿಗೆ ಸರಿಯಾಗಿಯೇ ಆದವು. ನಮ್ಮನೆಯವಳು ಅಡುಗೆಮನೆಗೆ ಹೋಗಿ ಅತ್ತಳು, ಬೂಟುಗಳನ್ನು ಹಿಂತಿರುಗಿಸಲಿಲ್ಲ.

ಹೊಸ ವೆಬ್‌ಸೈಟ್ ಹೊರಬಂದ ದಿನ ನಾನು ಮನೆಯಲ್ಲಿ ಕೂತು ಅದನ್ನು ತೆರೆದೆ. ಬರಹ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. ತಪ್ಪು ಎಷ್ಟು ಹುಡುಕಿದರೂ ಸಿಗಲಿಲ್ಲ. ಕೆಳಗೆ "ವೆಬ್‌ಸೈಟ್ ಹಿಂದಿರುವ ನಮ್ಮ ಜನ" ಎಂದೊಂದು ಪುಟವಿತ್ತು. ಆ ಪ್ಲಾಟ್‌ಫಾರ್ಮಿನ ಜಾಣತನವೆಂದರೆ, ಎಷ್ಟು ಜನರ ಫೋಟೋ ಇದೆಯೋ ಅಷ್ಟಕ್ಕೆ ಜಾಗವನ್ನು ತಾನೇ ಹಂಚಿಕೊಡುತ್ತದೆ. ನಾಲ್ವರಿದ್ದರೆ ನಾಲ್ಕು ಪಾಲು. ಸಿಬ್ಬಂದಿಯ ಲೆಕ್ಕದಿಂದ ಒಬ್ಬರ ಹೆಸರು ತೆಗೆದರೆ ಅವರ ಫೋಟೋ ತಾನಾಗಿ ಹೋಗಿ, ಉಳಿದವರು ಅಷ್ಟಷ್ಟು ಹಿಗ್ಗಿ ಖಾಲಿ ಜಾಗ ತುಂಬುತ್ತಾರೆ. ನಾವು ಮೂವರು ಹೋಗಿದ್ದೆವು. ಸಮಿತಿಯವರ ಮುಖ ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಹರಡಿಕೊಂಡಿತ್ತು. ಒಂದು ಕಿವಿ ಅತ್ತ ಹೊರಗೆ, ಒಂದು ಕಿವಿ ಇತ್ತ ಹೊರಗೆ. ಗುರುತಿನ ಚೀಟಿಗೆಂದು ತೆಗೆದ ಫೋಟೋ ಅದು, ಬೆಳಕಿಗೆ ಹೆದರಿದ ಕಣ್ಣುಗಳು ಎರಡು ಬಾವಿಗಳ ಹಾಗೆ ಕಾಣುತ್ತಿದ್ದವು.

ಮೇಷ್ಟ್ರು ಅದನ್ನು ಫೋನಿನಲ್ಲಿ ಹಿಡಿದು ಮನೆಮನೆಗೂ ತೋರಿಸಿಬಂದರು. "ನೋಡ್ರಿ ಎಷ್ಟು ದೊಡ್ಡದಾಗಿ ಹಾಕಿದ್ದಾರೆ! ಇವರೊಬ್ಬರದೇ! ಮಾಲೀಕರದೂ ಇಷ್ಟು ದೊಡ್ಡದಿಲ್ಲ!" ನಮ್ಮ ಮನೆಗೂ ಬಂದರು. ನಾನು ನೋಡಿದ್ದೇನೆ ಎಂದೆ. "ಮನುಷ್ಯ ಬೆಳೆದರೆ ಹೀಗೆ ಬೆಳೀಬೇಕು" ಎಂದು ಹೇಳಿ ಹೋದರು.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಸಮಿತಿಯವರು. ಇಸ್ತ್ರಿಯ ಅಂಗಿ ಇರಲಿಲ್ಲ, ಕೈಗಳು ಬೆನ್ನ ಹಿಂದೆ ಇರಲಿಲ್ಲ. ಕಂಕುಳಲ್ಲಿ ಕಂಪನಿಯ ಲ್ಯಾಪ್‌ಟಾಪ್ ಇತ್ತು. ಅವರಿಗೆ ಹೇಳಲೆಂದು ನಾನು ಬಹಳ ದಿನಗಳಿಂದ ಮಾತುಗಳನ್ನು ಮಸೆದಿಟ್ಟುಕೊಂಡಿದ್ದೆ. ಅವನ್ನು ನುಂಗಿಕೊಂಡು ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಬನ್ನಿ ಎನ್ನಲೂ ಮನಸ್ಸು ಬರಲಿಲ್ಲ.

ಅವರು ಹೊಸಿಲಾಚೆಯೇ ಲ್ಯಾಪ್‌ಟಾಪ್ ತೆರೆದು ಮುಂಗೈ ಮೇಲಿಟ್ಟುಕೊಂಡರು. ಪರದೆಯ ತುಂಬ ಅವರ ಮುಖ. ಅದರ ಮೇಲೆ ಅವರ ನಿಜವಾದ ಮುಖ. ದೊಡ್ಡದು ಗಾಬರಿಯಾಗಿತ್ತು, ಚಿಕ್ಕದು ಅತ್ತಿತ್ತು.

"ಇದನ್ನ ಹೇಗಾದ್ರೂ ಚಿಕ್ಕದು ಮಾಡಬೇಕು ತಮ್ಮಾ. ನೋಡೋಕೆ ಆಗ್ತಾ ಇಲ್ಲ. ಬೆಳಗ್ಗೆಯಿಂದ ಕೂತು ಏನೇನೋ ಒತ್ತಿದೆ. ಎಲ್ಲಿ ಒತ್ತಿದ್ರೂ ಅದು ಒಂದೇ ಮಾತು ಹೇಳುತ್ತೆ."

"ಏನನ್ನುತ್ತೆ?"

"ಚಿಕ್ಕದಾಗಬೇಕಾದ್ರೆ ಪಕ್ಕದಲ್ಲಿ ಇನ್ನೊಬ್ಬರನ್ನ ಸೇರಿಸಿ ಅನ್ನುತ್ತೆ."